ಒಂದೇ ಊದಿಗೆ ಒಂದು ತೀರ್ಪು

ರಾತ್ರಿ ಹನ್ನೊಂದು ಗಂಟೆ. ಮದುವೆಯ ಆರತಕ್ಷತೆ ಮುಗಿಸಿಕೊಂಡು ನೀವು ಸ್ಕೂಟರಿನಲ್ಲಿ ಮನೆಗೆ ಹೊರಟಿದ್ದೀರಿ. ಮೇಲ್ಸೇತುವೆಯ ಕೆಳಗೆ ಬ್ಯಾರಿಕೇಡುಗಳನ್ನು ಅಡ್ಡ ಇಟ್ಟು ಪೊಲೀಸರು ಬರುವ ಗಾಡಿಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸುತ್ತಿದ್ದಾರೆ. ಅಂಗೈಯಗಲದ ಉಪಕರಣವೊಂದು ನಿಮ್ಮ ಬಾಯಿಯ ಬಳಿ ಬರುತ್ತದೆ. 'ಊದಿ' ಎನ್ನುತ್ತಾರೆ. ಊದುತ್ತೀರಿ. ಪುಟ್ಟ ಪರದೆಯ ಮೇಲೆ 33 ಎಂಬ ಅಂಕಿ ಮೂಡುತ್ತದೆ. ಕಾನೂನಿನ ಮಿತಿ 30. ಅಲ್ಲಿಗೆ ನೀವು ಅಪರಾಧಿ!

ಇದೇ 33 ಅನ್ನು ನಿಮ್ಮ ವಿದ್ಯಾರ್ಥಿಯೊಬ್ಬ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬರೆದು ತಂದನೆನ್ನಿ. ಒಂದೇ ಒಂದು ರೀಡಿಂಗು. ಶೂನ್ಯ ದೋಷವನ್ನು ನೋಡಿಲ್ಲ. ಉಪಕರಣವನ್ನು ಕಡೆಯ ಬಾರಿ ಯಾವಾಗ ಪರಿಶೀಲಿಸಲಾಯಿತು ಎಂದು ಬರೆದಿಲ್ಲ. ನೀವು ಸಹಿ ಹಾಕುತ್ತೀರಾ? ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಒಂದು ಗೋಲಿಯ ವ್ಯಾಸ ಅಳೆಯುವುದಕ್ಕೂ 'ಮೂರು ಸಲ ಓದಿ ಸರಾಸರಿ ತೆಗೆ' ಎನ್ನುವವರು ನಾವು. ಮನುಷ್ಯನೊಬ್ಬನ ಲೈಸೆನ್ಸು, ಅವನು ಬಾಡಿಗೆ ಗಾಡಿ ಓಡಿಸುವವನಾದರೆ ಅವನ ಅನ್ನ, ಅದರ ಮೇಲೆ ನಿಂತಿರುವಾಗ ಅಳತೆಯ ಶಿಸ್ತು ಇನ್ನೂ ಬಿಗಿಯಾಗಬೇಕಲ್ಲವೇ?

ಕುಡಿದು ವಾಹನ ಓಡಿಸುವವರ ಪರವಾಗಿ ವಕಾಲತ್ತು ವಹಿಸುವುದು ಈ ಲೇಖನದ ಉದ್ದೇಶವಲ್ಲ. ಮದ್ಯ ಪ್ರತಿಕ್ರಿಯೆಯನ್ನು ನಿಧಾನಗೊಳಿಸುತ್ತದೆ. ಎದುರಿನಿಂದ ಬರುವ ಬೆಳಕಿನ ದೂರದ ಅಂದಾಜು ತಪ್ಪಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಬ್ರೇಕಿನ ಮೇಲೆ ಕಾಲಿಡುವುದು ಅರ್ಧ ಸೆಕೆಂಡು ತಡವಾದರೆ ಎಂಟು ಮೀಟರ್ ಹೆಚ್ಚಾಯಿತು. ರಸ್ತೆ ದಾಟುವವರ ಜೀವ ಆ ಎಂಟು ಮೀಟರಿನೊಳಗೆ ಇರಬಹುದು. ಕುಡಿದವನನ್ನು ಹಿಡಿಯಲೇಬೇಕು. ಆದರೆ ಹಿಡಿದದ್ದು ನ್ಯಾಯಾಲಯದಲ್ಲಿ ನಿಲ್ಲಬೇಕಾದರೂ, ಕುಡಿಯದವನು ಸಿಕ್ಕಿಬೀಳದಿರಬೇಕಾದರೂ ಬೇಕಾದದ್ದು ಒಂದೇ: ಸರಿಯಾದ ವಿಧಾನ.

ಈ ಉಪಕರಣ ಚಾಲಕನ ವೈರಿಯೂ ಅಲ್ಲ. ಅದು ಇಲ್ಲದ ಕಾಲವನ್ನು ನೆನೆಯಿರಿ. ಬಾಯಿಯ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಪಾಪೆ, ತೊದಲು ಮಾತು, ಇವೇ ಸಾಕ್ಷಿ. ಮುಂಬೈ ಪಾನನಿಷೇಧ ಕಾಯ್ದೆಯಡಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1971ರಲ್ಲೇ ಇಂಥ ಲಕ್ಷಣಗಳಷ್ಟೇ ಸಾಲವು ಎಂದಿತು. ರಕ್ತ ಪರೀಕ್ಷೆ ಆಗದಿದ್ದ ಆ ಪ್ರಕರಣದಲ್ಲಿ ಕುಡಿದದ್ದು ಸಾಬೀತಾಗಿಲ್ಲ ಎಂದು ತೀರ್ಮಾನವಾಯಿತು. ಮೂಗಿನ ಸಾಕ್ಷಿಗಿಂತ ಅಂಕಿಯ ಸಾಕ್ಷಿ ಮೇಲು, ನಿಜ. ಆದರೆ ಅಂಕಿ ಎಲ್ಲಿಂದ ಬಂತು ಎಂದು ಕೇಳುವುದನ್ನು ಬಿಟ್ಟರೆ ಅದೂ ಇನ್ನೊಂದು ಬಗೆಯ ಮೂಗೇ.

ಮೊದಲು ಕಾನೂನಿನ ಮಾತುಗಳನ್ನೇ ಓದೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಮೂಲದಲ್ಲಿ ರಕ್ತದಲ್ಲಿ 'ಎಷ್ಟೇ ಅಲ್ಪವಾದರೂ' ಮದ್ಯಸಾರ ಇರುವುದು ಅಪರಾಧ ಎನ್ನುತ್ತಿತ್ತು. 1994ರ ತಿದ್ದುಪಡಿ ಅದನ್ನು ಬದಲಿಸಿ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿರಬೇಕು, ಅದು ಉಸಿರು ವಿಶ್ಲೇಷಕದಲ್ಲಿ ಪತ್ತೆಯಾಗಿರಬೇಕು ಎಂದಿತು. 2019ರ ತಿದ್ದುಪಡಿ ಪ್ರಯೋಗಾಲಯದ ಪರೀಕ್ಷೆಯನ್ನೂ ಸೇರಿಸಿ, ಮೊದಲ ಅಪರಾಧದ ದಂಡವನ್ನು 2,000 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಿತು. ಆರು ತಿಂಗಳವರೆಗಿನ ಸಜೆ ಮೊದಲಿನಿಂದಲೂ ಇದ್ದದ್ದೇ.

ಇಲ್ಲಿ ಒಂದು ವಿಚಿತ್ರ ಕಾಣಿಸಿತೇ? ಮಿತಿ ಹೇಳಿರುವುದು ರಕ್ತಕ್ಕೆ. ಅಳೆಯುವುದು ಉಸಿರನ್ನು. ಒಂದರಿಂದ ಇನ್ನೊಂದಕ್ಕೆ ಹೋಗುವ ಸೇತುವೆ ಯಾವುದೆಂದು 185ನೇ ಸೆಕ್ಷನ್ ಹೇಳುವುದಿಲ್ಲ. ಇನ್ನೂ ಒಂದು. ಉಸಿರು ಪರೀಕ್ಷೆಯ ವಿಧಾನವನ್ನು ಹೇಳುವ 203ನೇ ಸೆಕ್ಷನ್ನಿನ ವಿವರಣೆಯಲ್ಲಿ ಆ ಪರೀಕ್ಷೆಯ ಉದ್ದೇಶ ರಕ್ತದಲ್ಲಿ ಮದ್ಯಸಾರ ಇರುವುದರ 'ಸೂಚನೆ' ಪಡೆಯುವುದು ಎಂದಿದೆ. ಉಪಕರಣ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಒಪ್ಪಿದ ಮಾದರಿಯದಾಗಿರಬೇಕು ಎಂದೂ ಇದೆ. ಒಂದು ಸೆಕ್ಷನ್ನಿಗೆ ಅದು ಬರೀ ಸೂಚನೆ. ಇನ್ನೊಂದಕ್ಕೆ ಅದೇ ಅಪರಾಧದ ಅಳತೆ. ನನ್ನ ಮುಖ್ಯ ಆಕ್ಷೇಪ ಇದೇ. ಸೂಚನೆ ಕೊಡುವ ಉಪಕರಣಕ್ಕೂ ಸಾಕ್ಷ್ಯ ನುಡಿಯುವ ಉಪಕರಣಕ್ಕೂ ವ್ಯತ್ಯಾಸವಿದೆ. ನಮ್ಮ ಕಾನೂನು ಆ ವ್ಯತ್ಯಾಸವನ್ನು ಅರ್ಧ ಗುರುತಿಸಿ ಕೈಬಿಟ್ಟಿದೆ.

ಸೇತುವೆಯ ವಿಚಾರಕ್ಕೆ ಬರೋಣ. ಅದು ಪಿಯುಸಿ ವಿದ್ಯಾರ್ಥಿಗಳಿಗೆ ಗೊತ್ತಿರುವ ಹೆನ್ರಿ ನಿಯಮ. ನಿಶ್ಚಿತ ತಾಪದಲ್ಲಿ, ದ್ರವದಲ್ಲಿ ಕರಗಿರುವ ಆವಿಶೀಲ ವಸ್ತುವಿನ ಸಾರತೆಗೂ ದ್ರವದ ಮೇಲಿನ ಗಾಳಿಯಲ್ಲಿ ಅದರ ಸಾರತೆಗೂ ಒಂದು ಸ್ಥಿರ ಅನುಪಾತವಿರುತ್ತದೆ. ಶ್ವಾಸಕೋಶದ ವಾಯುಕೋಶಗಳಲ್ಲಿ ರಕ್ತವೂ ಗಾಳಿಯೂ ಎದುರುಬದುರಾಗುತ್ತವೆ. ರಕ್ತದಲ್ಲಿರುವ ಇಥೈಲ್ ಆಲ್ಕೊಹಾಲು ಗಾಳಿಗೆ ಬರುತ್ತದೆ. ಹೊರಬರುವ ಉಸಿರಿನ ತಾಪ ಸುಮಾರು 34 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದು, 2100 ಮಿಲಿಲೀಟರ್ ಉಸಿರಿನಲ್ಲಿರುವಷ್ಟು ಆಲ್ಕೊಹಾಲು ಒಂದು ಮಿಲಿಲೀಟರ್ ರಕ್ತದಲ್ಲಿರುತ್ತದೆ ಎಂಬ ಲೆಕ್ಕ ಬಹುಕಾಲದಿಂದ ಬಳಕೆಯಲ್ಲಿದೆ. ನಮ್ಮ ಮಿತಿಯನ್ನು ಅದಕ್ಕೆ ಹಾಕಿ ನೋಡಿ. 100 ಮಿಲಿಲೀಟರಿಗೆ 30 ಮಿಲಿಗ್ರಾಂ ಎಂದರೆ ಲೀಟರ್ ರಕ್ತಕ್ಕೆ 300 ಮಿಲಿಗ್ರಾಂ. 2100ರಿಂದ ಭಾಗಿಸಿದರೆ ಲೀಟರ್ ಉಸಿರಿಗೆ 0.143 ಮಿಲಿಗ್ರಾಂ. ಉಪಕರಣ ನಿಜವಾಗಿ ಹುಡುಕುತ್ತಿರುವುದು ಇಷ್ಟು ಅಲ್ಪವನ್ನು!

2100 ಎಂಬುದು ಪ್ರಕೃತಿಯ ಸ್ಥಿರಾಂಕವಲ್ಲ, ಒಪ್ಪಂದದ ಅಂಕಿ. ಈ ಅನುಪಾತ 1800 ಇರುವವರೂ ಸಿಗುತ್ತಾರೆ, 2500 ಇರುವವರೂ ಸಿಗುತ್ತಾರೆ. 1800ರ ವ್ಯಕ್ತಿಗೆ ಉಪಕರಣ 33 ತೋರಿಸಿದರೆ ಅವನ ರಕ್ತದಲ್ಲಿರುವುದು 28.3, ಮಿತಿಯ ಒಳಗೆ. 2500ರ ವ್ಯಕ್ತಿಯ ರಕ್ತದಲ್ಲಿ ನಿಜವಾಗಿ 33 ಇದ್ದರೂ ಉಪಕರಣ 27.7 ತೋರಿಸಿ ಬಿಟ್ಟುಕೊಡುತ್ತದೆ. ನ್ಯಾಯವಾಗಿ ಹೇಳುವುದಾದರೆ, ಹೆಚ್ಚಿನವರಲ್ಲಿ ಅನುಪಾತ 2100ಕ್ಕಿಂತ ಮೇಲೇ ಇರುವುದರಿಂದ ಈ ಲೆಕ್ಕ ಬಹುಪಾಲು ಚಾಲಕರಿಗೆ ಅನುಕೂಲವೇ. ಆದರೆ ಗ್ಲಾಸು ಕೆಳಗಿಟ್ಟು ಅರ್ಧ ಗಂಟೆಯೂ ಆಗಿರದವನಲ್ಲಿ, ಮದ್ಯ ಇನ್ನೂ ಕರುಳಿನಿಂದ ರಕ್ತಕ್ಕೆ ಏರುತ್ತಿರುವಾಗ, ಅಪಧಮನಿಯ ರಕ್ತ ಅಭಿಧಮನಿಯ ರಕ್ತಕ್ಕಿಂತ ಮುಂದಿರುತ್ತದೆ. ಉಸಿರು ಅನುಸರಿಸುವುದು ಅಪಧಮನಿಯನ್ನು. ವೈದ್ಯರು ಸೂಜಿ ಚುಚ್ಚುವುದು ತೋಳಿನ ಅಭಿಧಮನಿಗೆ. ಎರಡು ಅಂಕಿಗಳು ಹೊಂದದಿದ್ದರೆ ಯಾರೂ ಮೋಸ ಮಾಡಿರಬೇಕೆಂದೇನಿಲ್ಲ.

ಊದುವ ರೀತಿಯಿಂದಲೂ ಅಂಕಿ ಬದಲಾಗುತ್ತದೆ. ಅರ್ಧ ನಿಮಿಷ ಉಸಿರು ಬಿಗಿಹಿಡಿದು ಊದಿದರೆ ಶೇಕಡಾ ಹತ್ತಕ್ಕೂ ಮೀರಿ ಏರಬಹುದು. ಏದುಸಿರು ಬಿಟ್ಟು ಊದಿದರೆ ಅಷ್ಟೇ ಇಳಿಯಬಹುದು. ಜ್ವರವಿದ್ದರೆ ಏರುತ್ತದೆ. (ಇದನ್ನು ಓದಿ ಯಾರಾದರೂ ಏದುಸಿರು ಅಭ್ಯಾಸ ಮಾಡಲು ಹೊರಟರೆ, 80 ಇರುವವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.)

ಇವೆಲ್ಲಕ್ಕಿಂತ ದೊಡ್ಡ ತಪ್ಪು ಬಾಯಿಯದು. ಕೆಮ್ಮಿನ ಸಿರಪ್ಪು, ಬಾಯಿ ಮುಕ್ಕಳಿಸುವ ದ್ರಾವಣ, ಈಗಷ್ಟೇ ಬಂದ ಹುಳಿತೇಗು, ಇವು ಬಾಯಿಯ ಗೋಡೆಯ ಮೇಲೆ ಆಲ್ಕೊಹಾಲನ್ನು ಉಳಿಸುತ್ತವೆ. ಉಪಕರಣಕ್ಕೆ ಅದು ಶ್ವಾಸಕೋಶದಿಂದ ಬಂದದ್ದೋ ನಾಲಿಗೆಯಿಂದ ಬಂದದ್ದೋ ಸುಲಭವಾಗಿ ತಿಳಿಯದು. 2025ರ ಜುಲೈನಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ನಡೆದದ್ದು ಪಾಠ ಮಾಡಲು ಹೇಳಿ ಮಾಡಿಸಿದ ಉದಾಹರಣೆ. ಅದು ರಸ್ತೆ ತಪಾಸಣೆಯಲ್ಲ, ರಾಜ್ಯ ರಸ್ತೆ ಸಾರಿಗೆ ನಿಗಮದ ಚಾಲಕರಿಗೆ ಕೆಲಸಕ್ಕೆ ಹೊರಡುವ ಮುನ್ನ ನಡೆಯುವ ಪರೀಕ್ಷೆ. ಮದ್ಯ ಮುಟ್ಟಿರದ ಚಾಲಕರು ಊದಿದರೂ ಉಪಕರಣ 'ಇದೆ' ಎಂದಿತು. ಅವರು ತಿಂದಿದ್ದದ್ದು ಚೆನ್ನಾಗಿ ಕಳಿತ ಹಲಸಿನ ತೊಳೆ! ಆಮೇಲೆ ಅಲ್ಲಿಯವರು ಮಾಡಿದ್ದು ಮೆಚ್ಚಬೇಕಾದ ಕೆಲಸ. ಹಣ್ಣು ತಿನ್ನದ ಒಬ್ಬರನ್ನು ಊದಿಸಿದರು, ಏನೂ ಇಲ್ಲ. ಹಣ್ಣು ತಿನ್ನಿಸಿ ಊದಿಸಿದರು, ಅಂಕಿ ಬಂತು. ಯಾವ ಪ್ರಯೋಗಶಾಲೆಯೂ ಇಲ್ಲದೆ ಒಂದು ಡಿಪೋದಲ್ಲಿ ನಿಯಂತ್ರಿತ ಪ್ರಯೋಗ ನಡೆದುಹೋಯಿತು.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಬಾಯಿಯ ಆಲ್ಕೊಹಾಲು ಸುಮಾರು ಹದಿನೈದು ನಿಮಿಷದಲ್ಲಿ ಕರಗಿಹೋಗುತ್ತದೆ, ರಕ್ತದ್ದು ಹೋಗುವುದಿಲ್ಲ. ಏನನ್ನೂ ತಿನ್ನಿಸದೆ, ಕುಡಿಸದೆ, ಹದಿನೈದು ನಿಮಿಷ ಕೂರಿಸಿ ಮತ್ತೊಮ್ಮೆ ಊದಿಸಿ. ಎರಡು ಅಂಕಿಗಳು ಹತ್ತಿರ ಇದ್ದರೆ ಅದು ರಕ್ತದ ಸಾಕ್ಷಿ. ಎರಡನೆಯದು ಕುಸಿದರೆ ಅದು ಹಲಸಿನ ಹಣ್ಣು. ಇಂಗ್ಲೆಂಡಿನಲ್ಲಿ ರಸ್ತೆಯ ಮೇಲೆ ಊದುವುದು ಬರೀ ಸೂಚನೆಗಾಗಿ. ಶಿಕ್ಷೆಗೆ ಆಧಾರವಾಗುವುದು ಸಾಮಾನ್ಯವಾಗಿ ಠಾಣೆಯ ದೊಡ್ಡ ಉಪಕರಣದಲ್ಲಿ ಎರಡು ಸಲ ಊದಿ ಬಂದ ಅಂಕಿಗಳಲ್ಲಿ ಕಡಿಮೆಯದು. ಅಲ್ಲಿನ ಮಿತಿಯನ್ನೂ ಉಸಿರಿಗೇ ಪ್ರತ್ಯೇಕವಾಗಿ ಹೇಳಿದ್ದಾರೆ: 100 ಮಿಲಿಲೀಟರ್ ಉಸಿರಿಗೆ 35 ಮೈಕ್ರೊಗ್ರಾಂ. ಸೇತುವೆಯ ಜಗಳವೇ ಇಲ್ಲ.

ಇನ್ನು ಉಪಕರಣ. 1954ರಲ್ಲಿ ಅಮೆರಿಕದ ಇಂಡಿಯಾನದಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ ರೂಪಿಸಿದ ಬ್ರೆತಲೈಸರಿನಲ್ಲಿ ಇದ್ದದ್ದು ನಿಮ್ಮ ರಸಾಯನ ಪ್ರಯೋಗಾಲಯದ ಪೊಟ್ಯಾಸಿಯಂ ಡೈಕ್ರೋಮೇಟ್. ಆಲ್ಕೊಹಾಲು ತಾಗಿದರೆ ಅದರ ಹಳದಿ ಬಣ್ಣ ಕುಂದುತ್ತದೆ. ಎಷ್ಟು ಕುಂದಿತೆಂದು ಬೆಳಕಿನಿಂದ ಅಳೆಯುತ್ತಿದ್ದರು. ಇಂದಿನ ಕೈ ಉಪಕರಣಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಧನ ಕೋಶ. ಪ್ಲಾಟಿನಂ ಮೇಲೆ ಆಲ್ಕೊಹಾಲು ಉತ್ಕರ್ಷಣಗೊಂಡು ಅಸಿಟಿಕ್ ಆಮ್ಲವಾಗುತ್ತದೆ, ಬಿಡುಗಡೆಯಾದ ಎಲೆಕ್ಟ್ರಾನುಗಳು ವಿದ್ಯುತ್ತಾಗಿ ಹರಿಯುತ್ತವೆ. ಅಗ್ಗದ ಅರೆವಾಹಕ ಸಂವೇದಕಗಳಿಗಿಂತ ಇದು ಎಷ್ಟೋ ಮೇಲು; ಮಧುಮೇಹಿಗಳ ಉಸಿರಿನ ಅಸಿಟೋನಿಗೆ ಬಹುಮಟ್ಟಿಗೆ ಮೋಸ ಹೋಗುವುದಿಲ್ಲ. ಆದರೆ ಕೋಶಕ್ಕೂ ವಯಸ್ಸಾಗುತ್ತದೆ. ಗೊತ್ತಿರುವ ಸಾರತೆಯ ಅನಿಲವನ್ನು ಆಗಾಗ ಕೊಟ್ಟು ಅದರ ಉತ್ತರವನ್ನು ಸರಿಪಡಿಸುತ್ತಿರಬೇಕು. ಇದೇ ಕ್ಯಾಲಿಬ್ರೇಷನ್.

ಸರಿಪಡಿಸಿದ ಮೇಲೂ ದೋಷ ಶೂನ್ಯವಾಗದು. ಸಾಕ್ಷ್ಯಕ್ಕೆ ಬಳಸುವ ಉಸಿರು ವಿಶ್ಲೇಷಕಗಳಿಗಾಗಿ ಕಾನೂನು ಮಾಪನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಹೊರತಂದಿರುವ ಆರ್ 126 ಎಂಬ ಶಿಫಾರಸು, ಕಡಿಮೆ ಸಾರತೆಗಳಲ್ಲಿ ಹೊಸದಾಗಿ ಪರಿಶೀಲಿಸಿದ ಉಪಕರಣಕ್ಕೂ ಲೀಟರ್ ಉಸಿರಿಗೆ 0.020 ಮಿಲಿಗ್ರಾಂನಷ್ಟು ದೋಷವನ್ನು ಅನುಮತಿಸುತ್ತದೆ. 2100ರಿಂದ ಗುಣಿಸಿ ರಕ್ತಕ್ಕೆ ತನ್ನಿ: 100 ಮಿಲಿಲೀಟರಿಗೆ 4.2 ಮಿಲಿಗ್ರಾಂ. ಅಂದರೆ ಒಳ್ಳೆಯ ಉಪಕರಣದ 33 ಎಂಬುದು 29ರಿಂದ 37ರ ನಡುವಿನ ಯಾವುದಾದರೂ ಆಗಿರಬಹುದು. ಮಿತಿ ಆ ಅಂತರದೊಳಗೇ ಕೂತಿದೆ! 33ಕ್ಕೂ 133ಕ್ಕೂ ಒಂದೇ ಬಗೆಯ ಖಚಿತತೆಯಿಂದ ಕೇಸು ಬರೆಯುವುದನ್ನು ವಿಜ್ಞಾನ ಒಪ್ಪುವುದಿಲ್ಲ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2024ರ ನವೆಂಬರಿನಲ್ಲಿ ಈ ಉಪಕರಣಗಳಿಗೆ ಪರಿಶೀಲನೆ ಮತ್ತು ಮುದ್ರೆ ಕಡ್ಡಾಯ ಮಾಡುವ ಕರಡು ನಿಯಮಗಳನ್ನು ಸಾರ್ವಜನಿಕರ ಮುಂದಿಟ್ಟಿತು. ಕಿರಾಣಿ ಅಂಗಡಿಯ ತಕ್ಕಡಿಗೆ ಎಂದಿನಿಂದಲೋ ಇದ್ದ ಮುದ್ರೆಯ ಯೋಚನೆ ಜೈಲಿಗೆ ಕಳಿಸಬಲ್ಲ ಉಪಕರಣದ ಹತ್ತಿರ ಬಂದದ್ದು ಅಷ್ಟು ತಡವಾಗಿ.

ಇದೆಲ್ಲ ಕೂದಲು ಸೀಳುವ ವಾದ ಎನ್ನಿಸಿದರೆ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕಥೆ ಕೇಳಿ. ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ, ಪೊಲೀಸರು ಬಳಸುವ ಆಲ್ಕೊಟೆಸ್ಟ್ ಉಪಕರಣದ ಒಳಗಿನ ಸಾಫ್ಟ್‌ವೇರನ್ನೂ ತಜ್ಞರಿಂದ ಪರಿಶೀಲಿಸಿದ ಮೇಲೆ, ಷರತ್ತುಗಳೊಂದಿಗೆ ಅದನ್ನು ಒಪ್ಪಿತ್ತು. ಕ್ಯಾಲಿಬ್ರೇಷನ್ನಿಗೆ ಬಳಸುವ ಆಲ್ಕೊಹಾಲು ದ್ರಾವಣ 34 ಡಿಗ್ರಿಯಲ್ಲಿರಬೇಕು. ಅದನ್ನು ರಾಷ್ಟ್ರೀಯ ಮಾನಕಕ್ಕೆ ಹೋಲಿಸಿದ ಪ್ರತ್ಯೇಕ ತಾಪಮಾಪಕದಿಂದ ನೋಡಬೇಕು ಎಂಬುದು ವಿಧಾನದ ಒಂದು ಹೆಜ್ಜೆ. ಕ್ಯಾಲಿಬ್ರೇಷನ್ ಮಾಡುತ್ತಿದ್ದ ಒಬ್ಬ ಸಾರ್ಜೆಂಟ್ ಆ ಹೆಜ್ಜೆಯನ್ನು ಬಿಟ್ಟಿದ್ದನೆಂಬ ಆರೋಪ ಹೊರಬಿತ್ತು. ಒಂದು ಥರ್ಮಾಮೀಟರು ಅದ್ದದಿದ್ದರೆ ಏನು ಮಹಾ? ಹೆನ್ರಿ ನಿಯಮಕ್ಕೆ ಹಿಂತಿರುಗಿ. ತಾಪ ಒಂದು ಡಿಗ್ರಿ ಏರಿದರೆ ದ್ರಾವಣದ ಮೇಲಿನ ಗಾಳಿಯಲ್ಲಿ ಆಲ್ಕೊಹಾಲು ಸುಮಾರು ಶೇಕಡಾ 6.5ರಷ್ಟು ಹೆಚ್ಚುತ್ತದೆ. ದ್ರಾವಣ 33 ಡಿಗ್ರಿಯಲ್ಲಿದ್ದಾಗ ಅದನ್ನು 34 ಎಂದು ನಂಬಿ ಉಪಕರಣವನ್ನು ಹೊಂದಿಸಿದರೆ, ಆಮೇಲೆ ಊದಿದವರಿಗೆಲ್ಲ ಅದು ಹೆಚ್ಚಿನ ಅಂಕಿಯನ್ನೇ ಕೊಡುತ್ತದೆ. ಯಾರಿಗೂ ಗೊತ್ತಾಗದಂತೆ, ಪ್ರತಿ ಸಲವೂ. 2018ರ ನವೆಂಬರಿನಲ್ಲಿ ಅದೇ ನ್ಯಾಯಾಲಯ, ಆ ಹೆಜ್ಜೆಯಿಲ್ಲದೆ ಹೊಂದಿಸಿದ ಉಪಕರಣಗಳ ಅಂಕಿಗಳು ಸಾಕ್ಷ್ಯವಾಗಲಾರವು ಎಂದಿತು. ಪ್ರಶ್ನೆಗೆ ಒಳಗಾದ ಪರೀಕ್ಷೆಗಳ ಸಂಖ್ಯೆ ಇಪ್ಪತ್ತು ಸಾವಿರ ಮೀರಿತ್ತು. ಅವರಲ್ಲಿ ನಿಜವಾಗಿ ಕುಡಿದವರೂ ಬೇಕಾದಷ್ಟು ಜನ ಇದ್ದಿರಲೇಬೇಕು. ಕುಡಿಯದವನಿಗೆ ಅನ್ಯಾಯ, ಕುಡಿದವನಿಗೆ ಬಿಡುಗಡೆ, ಎರಡೂ ಒಂದೇ ಅಲಕ್ಷ್ಯದ ಫಲ.

ಮತ್ತೆ ಮೇಲ್ಸೇತುವೆಯ ಕೆಳಗೆ ಬನ್ನಿ. ನಿಮ್ಮನ್ನು ಊದಿಸಿದ್ದೇ ಸರಿಯೇ? ಗಾಡಿ ನಿಲ್ಲಿಸಿ ಎಂದಾಗ ನಿಲ್ಲಿಸಬೇಕು, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸು ತೋರಿಸಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ 203ನೇ ಸೆಕ್ಷನ್ ಊದಿಸುವ ಅಧಿಕಾರ ಕೊಟ್ಟಿರುವುದು ಕುಡಿದಿರಬಹುದೆಂದು ಸಂದೇಹಿಸಲು 'ಸಮಂಜಸ ಕಾರಣ' ಇದ್ದಾಗ. ಗಾಡಿ ಅಂಕುಡೊಂಕು ಓಡಿತು, ಮಾತಾಡಿಸಿದಾಗ ವಾಸನೆ ಬಂತು, ಇವು ಕಾರಣಗಳು. ರಾತ್ರಿ ಹನ್ನೊಂದು ಗಂಟೆಗೆ ಆ ರಸ್ತೆಯಲ್ಲಿ ಬಂದದ್ದು ಕಾರಣವಲ್ಲ. ಸಾಲಾಗಿ ಎಲ್ಲರನ್ನೂ ಊದಿಸುವುದರಿಂದ ಅಪಘಾತ ತಗ್ಗಬಹುದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ 1982ರ ಡಿಸೆಂಬರಿನಿಂದ ಅದನ್ನೇ ಮಾಡಿ ಒಳ್ಳೆಯ ಫಲ ಕಂಡಿತು. ಆದರೆ ಆ ರಾಜ್ಯ ಮೊದಲು ಅದಕ್ಕೆ ಕಾನೂನು ಮಾಡಿಕೊಂಡಿತು. ಬೇಕೆನಿಸಿದರೆ ನಾವೂ ಸಂಸತ್ತಿನಲ್ಲಿ ಚರ್ಚಿಸಿ ಮಾಡಿಕೊಳ್ಳೋಣ. ಸೆಕ್ಷನ್ನಿನ ಮಾತನ್ನು ಬ್ಯಾರಿಕೇಡಿನ ಹತ್ತಿರ ತಿದ್ದುವುದು ಬೇಡ.

ಹಾಗೆಂದು ಊದಲು ನಿರಾಕರಿಸುವುದು ಜಾಣತನವಲ್ಲ. ಸಂದೇಹಕ್ಕೆ ಕಾರಣವಿದ್ದು ನೀವು ಊದದಿದ್ದರೆ ವಾರಂಟಿಲ್ಲದೆ ಬಂಧಿಸಬಹುದು. ಸಕಾರಣವಿಲ್ಲದ ನಿರಾಕರಣೆಯನ್ನು ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬೆಂಬಲವಾಗಿ ಬಳಸಲು 205ನೇ ಸೆಕ್ಷನ್ ಅವಕಾಶ ಕೊಡುತ್ತದೆ. 'ನನ್ನ ವಿರುದ್ಧ ನಾನೇ ಸಾಕ್ಷಿ ನುಡಿಯಲಾರೆ' ಎಂಬ ಸಂವಿಧಾನದ ರಕ್ಷಣೆಯೂ ಇಲ್ಲಿ ನೆರವಿಗೆ ಬಾರದು. 2010ರಲ್ಲಿ ಕರ್ನಾಟಕದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಮಂಪರು ಪರೀಕ್ಷೆಯನ್ನು ತಡೆದದ್ದು ಅದು ಮನಸ್ಸಿನೊಳಗಿನ ಮಾತನ್ನು ಹೊರಗೆಳೆಯುತ್ತದೆಂದು. ರಕ್ತದಂಥ ಭೌತಿಕ ಮಾದರಿಗಳು ಬೇರೆ ಜಾತಿಯವು.

ಊದಿಯಾಯಿತು, ಅಂಕಿ ಬಂತು. ಮುಂದೆ? 185ನೇ ಸೆಕ್ಷನ್ನಿನ ಅಪರಾಧ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಪಟ್ಟಿಯಲ್ಲಿಲ್ಲ. ದಂಡ ಹಾಕುವುದು ನ್ಯಾಯಾಲಯ. ಅಲ್ಲೇ ಹಣ ಕೇಳಿದರೆ ಅದು ದಂಡವಲ್ಲ, ಇನ್ನೇನೋ. ಲೈಸೆನ್ಸು ವಶಪಡಿಸಿಕೊಂಡರೆ ತಾತ್ಕಾಲಿಕ ರಸೀದಿ ಕೊಡಬೇಕು. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಜಾಮೀನು ಸಿಗುವ ಅಪರಾಧ ಇದೆಂದು ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು 202ನೇ ಸೆಕ್ಷನ್ನಿನಲ್ಲಿದೆ: ಬಂಧಿಸಿದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡುಗಡೆ ಮಾಡಬೇಕು.

ಎರಡು ಗಂಟೆ ಎಂಬುದು ಕಾನೂನಿನ ಹಟವಲ್ಲ, ಶರೀರದ ಲೆಕ್ಕ. ಯಕೃತ್ತು ಗಂಟೆಗೆ 100 ಮಿಲಿಲೀಟರಿಗೆ ಸುಮಾರು 15 ಮಿಲಿಗ್ರಾಂನಂತೆ ರಕ್ತವನ್ನು ಶುಚಿಮಾಡುತ್ತ ಹೋಗುತ್ತದೆ. ಹನ್ನೊಂದಕ್ಕೆ 50 ಇದ್ದದ್ದು ಒಂದು ಗಂಟೆ ರಾತ್ರಿಗೆ 20ರ ಹತ್ತಿರ ಬಂದಿರುತ್ತದೆ. ಕುಡಿದು ಓಡಿಸಿದವನು ವಿಳಂಬದಿಂದಲೇ ಪಾರಾಗುತ್ತಾನೆ. ಇನ್ನೊಬ್ಬನು ಕಡೆಯ ಗುಟುಕು ಕುಡಿದು ಐದು ನಿಮಿಷಕ್ಕೆ ಸಿಕ್ಕಿದ್ದರೆ, ಓಡಿಸುವಾಗ 25 ಇದ್ದದ್ದು ಠಾಣೆಯಲ್ಲಿ 35 ಆಗಿರಬಹುದು. ಕಾನೂನು ಕೇಳುವುದು ಓಡಿಸುವಾಗ ಎಷ್ಟಿತ್ತು ಎಂದು. ಆದ್ದರಿಂದ ಊದಿದ ವೇಳೆ, ರಕ್ತ ತೆಗೆದ ವೇಳೆ, ಎರಡೂ ನಿಮಿಷ ಸಹಿತ ದಾಖಲಾಗದಿದ್ದರೆ ಅಂಕಿಗೆ ಅರ್ಥವೇ ಇಲ್ಲ.

ಇಲ್ಲೇ ಕಾಯ್ದೆಯ ಇನ್ನೊಂದು ಕೊರತೆ. 204ನೇ ಸೆಕ್ಷನ್ನಿನ ರಕ್ತ ಪರೀಕ್ಷೆ ಪೊಲೀಸರು ಕೇಳಬಹುದಾದದ್ದು. ಮಹಿಳೆಯಿಂದ ಪುರುಷ ವೈದ್ಯರು ರಕ್ತ ತೆಗೆಯುವಾಗ ಇನ್ನೊಬ್ಬ ಮಹಿಳೆ ಇರಬೇಕು ಎಂಬ ಎಚ್ಚರಿಕೆ ಅದರಲ್ಲಿದೆ. ಆದರೆ 'ನನ್ನ ರಕ್ತವನ್ನೇ ನೋಡಿ' ಎಂದು ಚಾಲಕ ಕೇಳಿದರೆ ಕೊಡಲೇಬೇಕು ಎಂಬ ಮಾತು ಅದರಲ್ಲಿಲ್ಲ. ಬಂಧಿತನಿಗೆ ಸ್ಪಷ್ಟವಾಗಿ ದತ್ತವಾಗಿರುವುದು ಠಾಣೆಯಲ್ಲಿ ಮತ್ತೊಮ್ಮೆ ಊದುವ ಅವಕಾಶವಷ್ಟೇ. ಅಂಕಿ 30 ಮತ್ತು 40ರ ನಡುವೆ ಇದ್ದವರಿಗಾದರೂ ರಕ್ತ ಪರೀಕ್ಷೆಯನ್ನು ಹಕ್ಕಾಗಿ ಕೊಡಬಹುದಿತ್ತು. ಉಪಕರಣದ ದೋಷ ಬಾಧಿಸುವುದು ಆ ಅಂತರದಲ್ಲೇ ಎಂಬುದನ್ನು ಆಗಲೇ ಲೆಕ್ಕ ಹಾಕಿದೆವಲ್ಲ.

ಅಲ್ಲಿಯವರೆಗೆ ನೀವು ಕೇಳಬಹುದಾದವು ಹೀಗಿವೆ. ಹೊಸ ಊದುಗೊಳವೆ. ನೀವು ಊದುವ ಮೊದಲು ಬರೀ ಗಾಳಿಗೆ ಉಪಕರಣ ಸೊನ್ನೆ ತೋರಿಸುತ್ತದೆಯೇ ಎಂದು ನಿಮ್ಮೆದುರು ನೋಡುವುದು. ಹದಿನೈದು ನಿಮಿಷ ಬಿಟ್ಟು ಎರಡನೆಯ ಊದು. ಮತ್ತು ಅಚ್ಚಾದ ಚೀಟಿಯ ಒಂದು ಪ್ರತಿ: ಉಪಕರಣದ ಸಂಖ್ಯೆ, ಸೊನ್ನೆಯ ಓದು, ಎರಡೂ ಅಂಕಿ, ವೇಳೆ, ಕಡೆಯ ಕ್ಯಾಲಿಬ್ರೇಷನ್ನಿನ ತಾರೀಖು ಅದರಲ್ಲಿರಲಿ. ಸಮಾಧಾನದಿಂದ ಕೇಳಿ, ನಡುರಾತ್ರಿ ಹೊಗೆ ಕುಡಿಯುತ್ತ ನಿಂತ ಆ ಕಾನ್‌ಸ್ಟೇಬಲ್ ಈ ನಿಯಮಗಳನ್ನು ಬರೆದವರಲ್ಲ, ಅವರ ಕೈಗೆ ಉಪಕರಣ ಕೊಟ್ಟವರು ವಿಧಾನದ ಕೈಪಿಡಿಯನ್ನು ಕೊಟ್ಟಿರುತ್ತಾರೆಂದೂ ಹೇಳಲಾಗದು. ಶಿಕ್ಷಕರಾದರೆ ಇಂಥ ಒಂದು ಚೀಟಿಯ ನಮೂನೆಯನ್ನು ಕರಿಹಲಗೆಯ ಮೇಲೆ ಬರೆದು, 33ರ ಮುಂದೆ 'ಕೂಡಿಸು-ಕಳೆ' ಚಿಹ್ನೆ ಹಾಕಿ, ಅದರ ಪಕ್ಕ ಎಷ್ಟು ಬರೆಯಬೇಕೆಂದು ಮಕ್ಕಳನ್ನೇ ಕೇಳಿ.